ಹದಿನಾರಾಣೆ

ಮೇ 31ರ ಸಂಜೆ ನಮ್ಮ ಕಡೆಯ ಯಾವ ತಾಲ್ಲೂಕು ಊರಿಗೆ ಹೋದರೂ ಮೈಸೂರು ಪೇಟ, ಶಾಲು, ಗಂಧದ ಹಾರ, ಬಣ್ಣದ ಕಾಗದ ಸುತ್ತಿದ ಹಣ್ಣಿನ ಬುಟ್ಟಿ ಈ ನಾಲ್ಕೂ ಎಲ್ಲಾದರೂ ಒಂದು ಕಡೆ ಒಟ್ಟಿಗೆ ಕಣ್ಣಿಗೆ ಬೀಳುತ್ತವೆ. ಸರ್ಕಾರಿ ನೌಕರರು ಗುಂಪುಗುಂಪಾಗಿ ನಿವೃತ್ತರಾಗುವ ದಿನ ಅದು. ಮಗ ಹುಟ್ಟಿದ್ದು ಯಾವಾಗ ಎಂದು ಹೆಡ್‌ಮಾಸ್ತರರು ಕೇಳಿದಾಗ "ಕೆರೆ ಕೋಡಿ ಬಿದ್ದ ವರ್ಷ ಸ್ವಾಮಿ, ಮಾರಿಹಬ್ಬ ಕಳೆದ ಮೇಲೆ" ಎಂದು ತಲೆ ಕೆರೆದುಕೊಂಡ ಅಪ್ಪಂದಿರ ಮಕ್ಕಳು ಇವರು. ಮಾಸ್ತರರು ಪಂಚಾಂಗ ಹುಡುಕುತ್ತ ಕೂರಲಿಲ್ಲ. ಶಾಲೆ ಶುರುವಾಗುವ ಜೂನ್ 1ನ್ನೇ ಬರೆದು ಮುಂದಿನ ಹುಡುಗನನ್ನು ಕರೆದರು. ಒಂದನೆಯ ತಾರೀಖು ಹುಟ್ಟಿದವರು ಅದರ ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತರಾಗಬೇಕೆಂಬುದು ನಿಯಮ. ಎಂದೋ ಒಬ್ಬ ಮಾಸ್ತರರು ಉಳಿಸಿಕೊಂಡ ಅರ್ಧ ನಿಮಿಷದಿಂದಾಗಿ ಊರಿನ ಹೂವಿನಂಗಡಿಗೆ ವರ್ಷಕ್ಕೊಂದು ದಿನ ಭರ್ತಿ ವ್ಯಾಪಾರ.

ನನ್ನ ದೊಡ್ಡಪ್ಪನ ಬೀಳ್ಕೊಡುಗೆಯೂ ಅಂಥದೊಂದು ಮೇ 31ರಂದೇ ನಡೆಯಿತು. ಸರ್ವೆ ಇಲಾಖೆಯಲ್ಲಿ ಮೂವತ್ತಾರು ವರ್ಷ ಭೂಮಾಪಕರಾಗಿದ್ದವರು. ವೇದಿಕೆಯ ಮೇಲೆ ಆರು ಜನ ಮಾತಾಡಿದರು. ಶ್ರೀಯುತರು ಸರಳ ಸಜ್ಜನರು, ಅಜಾತಶತ್ರು, ಶಿಸ್ತಿನ ಸಿಪಾಯಿ, ಕಚೇರಿಯ ಆಸ್ತಿ. ಹೆಸರೊಂದನ್ನು ಬದಲಿಸಿದರೆ ಅದೇ ಭಾಷಣ ಪಶುವೈದ್ಯರಿಗೂ ಸರಿ, ಪೊಲೀಸರಿಗೂ ಸರಿ. ಪೇಟದ ಕೆಳಗೆ ಬೆವರುತ್ತ ಕೂತಿದ್ದ ದೊಡ್ಡಪ್ಪನ ಮುಖ ನೋಡಿದೆ. ತಮ್ಮ ವಿಷಯ ಮಾತಾಡುತ್ತಿದ್ದಾರೆ ಎಂಬುದು ಅವರಿಗೆ ಹೊಳೆದಂತಿರಲಿಲ್ಲ.

ಸಂಗೀತ ಕಚೇರಿ ಕೇಳಿ ಬಂದವರು ಹೀಗೆ ಮಾತಾಡುವುದಿಲ್ಲವಲ್ಲ ಎನಿಸಿತು. ವಿದ್ವಾಂಸರು ವೇಳೆಗೆ ಸರಿಯಾಗಿ ಬಂದರು, ಯಾರೊಂದಿಗೂ ಜಗಳವಾಡಲಿಲ್ಲ ಎಂದು ಯಾರಾದರೂ ಹೊಗಳುತ್ತಾರೆಯೇ? ತೋಡಿಯ ಆ ಗಾಂಧಾರ ಹೇಗಿತ್ತು ಎನ್ನುತ್ತಾರೆ, ನೆರವಲು ಎಲ್ಲಿ ಹಿಡಿದರು ಎನ್ನುತ್ತಾರೆ. ಅಡುಗೆಯವರಿಗೂ ಬಡಗಿಗೂ ನಾವು ಇಷ್ಟು ಮರ್ಯಾದೆ ಕೊಡುತ್ತೇವೆ: ಹದ ಹೇಗೆ ಬಂತು, ಒಪ್ಪ ಹೇಗೆ ಬಂತು ಎಂದು ಕೇಳುತ್ತೇವೆ. ಸರ್ಕಾರಿ ನೌಕರನ ವಿಷಯಕ್ಕೆ ಬಂದರೆ ನಮ್ಮ ಹತ್ತಿರ ಇರುವುದು ಎರಡೇ ಮಾತು. ಒಳ್ಳೆಯವನು, ಇಲ್ಲವೇ ತಿನ್ನುವವನು. ಕೆಲಸದಲ್ಲಿ ಅವನ ಕೈ ಹೇಗೆ ಆಡುತ್ತದೆ ಎಂಬುದಕ್ಕೆ ರಸಿಕರೇ ಇಲ್ಲ.

ದೊಡ್ಡಪ್ಪನ ಕೈ ಹೇಗಿತ್ತು ಎಂದು ಹೇಳಬೇಕಾದರೆ ಮೊದಲು ಅವರ ಸರಪಳಿಯ ವಿಷಯ ಹೇಳಬೇಕು. ನಮ್ಮ ನೆಲದ ಹಳೆಯ ಅಳತೆಯೆಲ್ಲ ನಿಂತಿರುವುದು 33 ಅಡಿಯ ಒಂದು ಕಬ್ಬಿಣದ ಸರಪಳಿಯ ಮೇಲೆ. ಉದ್ದ ಒಂದು ಸರಪಳಿ, ಅಗಲ ಒಂದು ಸರಪಳಿ ಆದರೆ ಒಂದು ಗುಂಟೆ. ಅಂಥ ನಲವತ್ತು ಸೇರಿದರೆ ಎಕರೆ. ಆ ಸರಪಳಿಗೆ ಹದಿನಾರು ಭಾಗ, ಒಂದೊಂದು ಭಾಗಕ್ಕೂ ಆಣೆ ಎಂದೇ ಹೆಸರು. ರೂಪಾಯಿಗೆ ಹದಿನಾರಾಣೆ ಇದ್ದಂತೆ ಸರಪಳಿಗೂ ಹದಿನಾರಾಣೆ, ಗುಂಟೆಗೂ ಹದಿನಾರಾಣೆ. 1957ರಲ್ಲಿ ನಯಾಪೈಸೆ ಬಂದು ಅಂಗಡಿಯಿಂದ ಆಣೆ ಹೋಯಿತು. ಸರ್ವೆಯವರ ದಫ್ತರದೊಳಗೆ ಮಾತ್ರ ಅದು ಇನ್ನೂ ಚಲಾವಣೆಯಲ್ಲಿದೆ. ನೆಲದ ಮೇಲೆ ಆಣೆಯೆಂದರೆ ಎರಡಡಿ ಮುಕ್ಕಾಲು ಇಂಚು, ದೊಡ್ಡವರ ಒಂದು ಹೆಜ್ಜೆಗಿಂತ ತುಸು ಕಮ್ಮಿ.

ಒಂದೊಂದು ಸರ್ವೆ ನಂಬರಿಗೂ ಒಂದೊಂದು ಟಿಪ್ಪಣಿ ಇರುತ್ತದೆ. ನಾವು ಓದುವಾಗ ಬರೆದುಕೊಳ್ಳುವ ಟಿಪ್ಪಣಿಯಲ್ಲ. ಹೊಲದಲ್ಲೇ ನಿಂತು ಕೈಯಲ್ಲಿ ಗೀಚಿದ ನಕ್ಷೆ. ಪ್ರಮಾಣಕ್ಕೆ ಸರಿಯಾಗಿರಬೇಕೆಂಬ ಹಟ ಅದಕ್ಕಿಲ್ಲ. ಹೊಲದ ನಡುವೆ ಒಂದು ಉದ್ದ ಗೆರೆ, ಅದರಿಂದ ಅತ್ತ ಇತ್ತ ಬದುವಿನ ಮೂಲೆಗಳಿಗೆ ಅಡ್ಡಗೆರೆಗಳು, ಪ್ರತಿ ಗೆರೆಯ ಪಕ್ಕ ಇಷ್ಟು ಸರಪಳಿ ಇಷ್ಟು ಆಣೆ ಎಂಬ ಅಂಕಿ. ಬಲಿತ ಎಲೆಯೊಂದನ್ನು ಬೆಳಕಿಗೆ ಹಿಡಿದರೆ ನಡುನರವೂ ಕವಲುನರಗಳೂ ಕಾಣುವುದಿಲ್ಲವೇ, ಹಾಗಿರುತ್ತದೆ. ನೂರು ವರ್ಷಕ್ಕೂ ಹಿಂದೆ ಯಾವನೋ ಒಬ್ಬ ಮೋಜಣಿದಾರ ಬಿಸಿಲಲ್ಲಿ ನಿಂತು ಗೀಚಿದ್ದು, ಇವತ್ತು ಅಣ್ಣತಮ್ಮಂದಿರು ಬದುವಿನ ಮೇಲೆ ಕುಡುಗೋಲು ಹಿಡಿದು ನಿಂತಾಗ ಕೆಂಪು ಬಟ್ಟೆಯ ಗಂಟು ಬಿಚ್ಚಿ ಹೊರತೆಗೆದು ಸಾಕ್ಷಿ ಹೇಳಿಸುತ್ತಾರೆ. ಕಾಗದ ಮುಟ್ಟಿದರೆ ಪುಡಿಯಾಗುತ್ತದೆ, ಅಂಕಿ ಅಲುಗುವುದಿಲ್ಲ. ಹಳೆಯ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ಜಿಲ್ಲೆಗಳಲ್ಲಿ ಇಂಥ ಕಾಗದದ ಮೇಲೆ ಮೋಡಿ ಲಿಪಿಯೂ ಇರುತ್ತದೆ. ಅದನ್ನು ಓದಬಲ್ಲ ಗುಮಾಸ್ತ ರಜೆ ಹಾಕಿದರೆ ಊರಿನ ವ್ಯಾಜ್ಯವೂ ಅವತ್ತಿಗೆ ರಜೆ.

ಚಿಕ್ಕವನಿದ್ದಾಗ ಬೇಸಿಗೆ ರಜೆಯಲ್ಲಿ ದೊಡ್ಡಪ್ಪನ ಹಿಂದೆ ಎರಡು ಮೂರು ಸಲ ಅಳತೆಗೆ ಹೋಗಿದ್ದೆ. ಅವರು ಹೊಲಕ್ಕೆ ಕಾಲಿಟ್ಟ ಕೂಡಲೇ ಸರಪಳಿ ಬಿಡಿಸುತ್ತಿರಲಿಲ್ಲ. ಬದುವಿನ ಮೇಲೆ ಒಂದು ಸುತ್ತು ಬರುತ್ತಿದ್ದರು, ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಸಂತೆಯಲ್ಲಿ ಎತ್ತು ನೋಡುವವರ ಹಾಗೆ. ಲಾಂಟಾನ ಬೆಳೆದ ಒಂದು ಮೂಲೆಯಲ್ಲಿ ನಿಂತು "ಇಲ್ಲಿ ಅಗಿ" ಎನ್ನುತ್ತಿದ್ದರು. ಒಂದೂವರೆ ಅಡಿ ಅಗೆಯುವಷ್ಟರಲ್ಲಿ ಗುದ್ದಲಿಗೆ ಠಣ್ ಎಂದು ಕಲ್ಲು ಸಿಗುತ್ತಿತ್ತು. ಬಾಂದು ಕಲ್ಲು. ಮಣ್ಣು ಜರಿದು, ನೇಗಿಲು ಹಾಯ್ದು, ಒಮ್ಮೊಮ್ಮೆ ಬೇಕೆಂದೇ ಮುಚ್ಚಿಸಿಕೊಂಡು ನೆಲದೊಳಗೆ ಹೋಗಿದ್ದ ಕಲ್ಲು. ಊರಿನವರು ಇವರಿಗೆ ಅಂಜನ ಗೊತ್ತಿದೆ ಎಂದು ಪಿಸುಗುಡುತ್ತಿದ್ದರು. ಹೇಗೆ ಗೊತ್ತಾಯಿತು ದೊಡ್ಡಪ್ಪ ಎಂದು ಕೇಳಿದ್ದಕ್ಕೆ ಅವರು ಹೇಳಿದ್ದು ಇಷ್ಟೇ: "ನೀರು ಹರಿದುಹೋಗೋ ದಾರಿ ನೋಡೋ. ಹಿಂದಿನೋರು ಕಲ್ಲನ್ನ ನೀರಿನ ದಾರೀಲಿ ನೆಡ್ತಿರ್ಲಿಲ್ಲ."

ಆಮೇಲೆ ಸರಪಳಿ. ಒಬ್ಬ ಆಳು ಮುಂದೆ ಹಿಡಿದುಕೊಂಡು ನಡೆಯಬೇಕು, ಇನ್ನೊಬ್ಬ ಹಿಂದಿನ ತುದಿಯಲ್ಲಿ ಕೂರಬೇಕು. ಕಬ್ಬಿಣ ಬಿಸಿಲಿಗೆ ಹಿಗ್ಗುತ್ತದೆ, ಹುಲ್ಲಿನ ಮೇಲೆ ಜೋತುಬೀಳುತ್ತದೆ, ಎಳೆದದ್ದು ಹೆಚ್ಚಾದರೆ ಕೊಂಡಿ ಬಾಯಿ ಬಿಡುತ್ತದೆ. ದೊಡ್ಡಪ್ಪ ನಡುವೆ ನಿಂತು ಒಮ್ಮೆ ಸರಪಳಿಯನ್ನು ಮೆಲ್ಲಗೆ ಮೇಲಕ್ಕೆ ಜಾಡಿಸುತ್ತಿದ್ದರು. ಅದು ಗಾಳಿಯಲ್ಲಿ ಒಂದು ಅಲೆಯಾಗಿ ಹೋಗಿ ಕೊನೆಯ ಹಿಡಿಯ ಹತ್ತಿರ ಝಣ್ ಎಂದು ನೆಟ್ಟಗಾಗುತ್ತಿತ್ತು. ಆ ಸದ್ದು ಅವರಿಗೆ ಸರಿಯೆನಿಸದಿದ್ದರೆ ಮತ್ತೆ ಜಾಡಿಸುವುದೇ. ತಂಬೂರಿ ಶ್ರುತಿ ಮಾಡುವವರನ್ನು ಕಂಡಾಗಲೆಲ್ಲ ನನಗೆ ಆ ಬಿಸಿಲು, ಆ ಝಣ್ ನೆನಪಾಗುತ್ತದೆ. ಈಗ ಉಪಗ್ರಹದ ಜೊತೆ ಮಾತಾಡುವ ರೋವರ್ ಬಂದಿದೆ. ಕಂಬ ನೆಟ್ಟು ಗುಂಡಿ ಒತ್ತಿದರೆ ಮುಗಿಯಿತು. ಕೆಲಸ ಬೇಗ ಆಗುತ್ತದೆ, ಸಂತೋಷವೇ. ಆದರೂ ಹಳೆಯ ಟಿಪ್ಪಣಿಯ ಜೊತೆ ಅದನ್ನು ತಾಳೆ ಹಾಕುವಾಗ ಆಣೆ ಬಲ್ಲವರನ್ನೇ ಕರೆಯಬೇಕು.

ಇಷ್ಟು ಹೇಳಿದ ಮೇಲೆ ಒಬ್ಬ ಓದುಗರಾದರೂ ನನ್ನ ಮೇಲೆ ಹುಬ್ಬು ಗಂಟಿಕ್ಕಿರುತ್ತಾರೆ. ಸರ್ವೆಯವರ ಬಗ್ಗೆಯೇ? ಹೊಗಳಿಕೆಯೇ? ನನಗೂ ಗೊತ್ತು ಸ್ವಾಮಿ. ಅಪ್ಪ ತೀರಿಕೊಂಡ ಮೇಲೆ ಮನೆಯ ಖಾತೆ ಬದಲಾಯಿಸಲು ಒಂದು ಕಚೇರಿಗೆ ಹನ್ನೊಂದು ಸಲ ಅಲೆದವನು ನಾನು. ಏಳನೆಯ ಸಲ "ಸಾಹೇಬರು ಫೀಲ್ಡಿಗೆ ಹೋಗಿದಾರೆ" ಎಂದಾಗ ಆ ಸಾಹೇಬರು ಒಳಗೆ ಕೆಮ್ಮಿದ್ದು ನನಗೇ ಕೇಳಿಸಿತ್ತು. ಕೆಂಗಲ್ ಹನುಮಂತಯ್ಯನವರು ಕಟ್ಟಿಸಿ 1956ರಲ್ಲಿ ಮುಗಿದ ವಿಧಾನಸೌಧದ ಹಣೆಯ ಮೇಲೆ ಸರ್ಕಾರದ ಕೆಲಸವನ್ನು ದೇವರ ಕೆಲಸವೆನ್ನುವ ಬರಹವಿದೆ. ದೇವರ ಕೆಲಸವಾದ್ದರಿಂದಲೇ ತಟ್ಟೆಗೆ ಕಾಸು ಹಾಕದೆ ಮಂಗಳಾರತಿ ಸಿಗುವುದಿಲ್ಲ ಎಂದು ಜನ ನಗುತ್ತಾರೆ. ನಗುವವರ ಕಷ್ಟ ಸುಳ್ಳಲ್ಲ.

ಈ ಕಾಯಿಲೆ ಎಷ್ಟು ಹಳೆಯದು ಎಂಬುದಕ್ಕೆ ಮೈಸೂರಿನಲ್ಲೇ ಒಂದು ಸ್ವಾರಸ್ಯವಿದೆ. ಖಜಾನೆಯ ಹಣವನ್ನು ಅಧಿಕಾರಿಗಳು ನುಂಗುವ ನಲವತ್ತು ವಿಧಾನಗಳನ್ನು ಒಂದೊಂದಾಗಿ ಎಣಿಸಿಟ್ಟ ಗ್ರಂಥ ಕೌಟಿಲ್ಯನ ಅರ್ಥಶಾಸ್ತ್ರ. ಹೆಸರು ಮಾತ್ರ ಕೇಳಿ ಗೊತ್ತಿದ್ದ ಆ ಗ್ರಂಥದ ತಾಳೆಗರಿ ಪ್ರತಿ 1905ರಲ್ಲಿ ಕಣ್ಣಿಗೆ ಬಿದ್ದದ್ದು ಮೈಸೂರು ಸರ್ಕಾರದ ಪ್ರಾಚ್ಯ ಪುಸ್ತಕಾಲಯದಲ್ಲಿ. ಗುರುತಿಸಿದವರು ಅಲ್ಲಿ ಗ್ರಂಥಪಾಲಕರಾಗಿ ಸಂಬಳ ತೆಗೆದುಕೊಳ್ಳುತ್ತಿದ್ದ ಆರ್. ಶಾಮಶಾಸ್ತ್ರಿಗಳು. ತಂಜಾವೂರು ಕಡೆಯ ಪಂಡಿತರೊಬ್ಬರು ತಂದುಕೊಟ್ಟ ಕಟ್ಟು ಅದು, ಗ್ರಂಥ ಲಿಪಿಯಲ್ಲಿತ್ತು. ಬಂದ ಕಟ್ಟಿಗೆ ನಂಬರು ಹಾಕಿ ಬೀರುವಿನಲ್ಲಿಟ್ಟು ಬೀಗ ಹಾಕಿದ್ದರೆ ಶಾಸ್ತ್ರಿಗಳನ್ನು ಕೇಳುವವರಿರಲಿಲ್ಲ. ತಿಂಗಳ ಸಂಬಳವೂ ನಿಲ್ಲುತ್ತಿರಲಿಲ್ಲ. ಅವರು ಬಿಚ್ಚಿ ಓದಿದರು. 1909ರಲ್ಲಿ ಸಂಸ್ಕೃತ ಪಾಠ ಅಚ್ಚಾಯಿತು, 1915ರಲ್ಲಿ ಇಂಗ್ಲಿಷ್ ಅನುವಾದ ಬಂತು, ಪ್ರಾಚೀನ ಭಾರತದ ಆಡಳಿತದ ಬಗ್ಗೆ ಜಗತ್ತು ತಿಳಿದುಕೊಂಡಿದ್ದೇ ಬೇರೆಯಾಯಿತು. ಸರ್ಕಾರಿ ನೌಕರರ ಕಳ್ಳತನದ ಪಟ್ಟಿಯನ್ನು ಲೋಕಕ್ಕೆ ಒಪ್ಪಿಸಿದವರು ಒಬ್ಬ ಸರ್ಕಾರಿ ನೌಕರರು! ನಲವತ್ತು ಬಗೆಯಲ್ಲಿ ತಿನ್ನುವವರೂ ಕಟ್ಟು ಬಿಚ್ಚಿ ಓದುವವರೂ ಒಂದೇ ಹಾಜರಿ ಪುಸ್ತಕದಲ್ಲಿ ಸಹಿ ಹಾಕುತ್ತಾರೆ. ಮೊದಲನೆಯವರ ವಿಷಯ ಬರೆಯಲು ಬೇಕಾದಷ್ಟು ಜನರಿದ್ದಾರೆ.

ದಫ್ತರದ ಧೂಳು ಸಾಕು, ಬಸ್ಸು ಹತ್ತೋಣ. ಕೆಂಪು ಬಸ್ಸಿನ ಕಂಡಕ್ಟರನಷ್ಟು ಒಳ್ಳೆಯ ಕೈ ನಾನು ಇನ್ನೊಂದು ಇಲಾಖೆಯಲ್ಲಿ ನೋಡಿಲ್ಲ. 1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳೊಂದಿಗೆ ಹೊರಟಿತು. ಅಲ್ಲಿಂದ ಹಿಡಿದು ಟಿಕೆಟ್ ಯಂತ್ರ ಬರುವವರೆಗೆ ಈ ಕಲೆಗೆ ಒಂದು ಅಭಿಜಾತ ಯುಗವಿತ್ತು. ಎಡಗೈಯಲ್ಲಿ ಟಿಕೆಟ್ಟಿನ ಪಟ್ಟಿಗಳನ್ನು ಸಾಲಾಗಿ ಸಿಕ್ಕಿಸಿದ ಹಲಗೆ, ಒಂದೊಂದು ದರಕ್ಕೆ ಒಂದೊಂದು ಬಣ್ಣ. ಬೆರಳುಗಳ ಸಂದಿಯಲ್ಲಿ ಉದ್ದುದ್ದ ಮಡಿಸಿದ ನೋಟುಗಳು: ಹತ್ತು ಒಂದು ಸಂದಿಗೆ, ಇಪ್ಪತ್ತು ಒಂದಕ್ಕೆ, ಐವತ್ತು ಇನ್ನೊಂದಕ್ಕೆ. ಕಂಕುಳಲ್ಲಿ ಚೀಲ, ಕಿವಿಯ ಮೇಲೆ ಪೆನ್ನು. ಬಸ್ಸು ಕೆರೆ ಏರಿಯ ಮೇಲೆ ವಾಲಾಡುತ್ತಿರುವಾಗ ಸೊಂಟವನ್ನು ಸೀಟಿನ ಅಂಚಿಗೆ ಆನಿಸಿ, ಯಾವುದನ್ನೂ ಹಿಡಿದುಕೊಳ್ಳದೆ ಮೂರು ಟಿಕೆಟ್ ಹರಿದು, ಪಂಚಿನಲ್ಲಿ ಟಿಕ್ ಟಿಕ್ ಟಿಕ್ ಎನಿಸಿ, ಚಿಲ್ಲರೆ ಎಣಿಸಿ ಕೈಗಿಟ್ಟು, ಅಷ್ಟರಲ್ಲೇ ಹಿಂಬಾಗಿಲ ಹತ್ತಿರ ಹತ್ತಿದ ಹೊಸ ಮುಖವನ್ನು ನೋಡಿಕೊಂಡು "ಯಾರ್ರೀ ಟಿಕೆಟ್" ಎನ್ನುವುದು ಒಂದೇ ಉಸಿರಿನ ಕೆಲಸ. ಬೆಂಗಳೂರಿನ ಬಿಟಿಎಸ್ ಬಸ್ಸಿನಲ್ಲಿ ಶಿವಾಜಿರಾವ್ ಗಾಯಕ್‌ವಾಡ್ ಎಂಬ ಕಂಡಕ್ಟರರಿದ್ದರು. ಅವರು ಟಿಕೆಟ್ ಕೊಡುವ ಠೀವಿ ನೋಡಲೆಂದೇ ಜನ ಒಂದು ಬಸ್ಸು ಬಿಟ್ಟು ಕಾಯುತ್ತಿದ್ದರೆಂದು ಆ ಕಾಲದವರು ಈಗಲೂ ಹೇಳುತ್ತಾರೆ. ಆಮೇಲೆ ಅವರು ಮದ್ರಾಸಿಗೆ ಹೋಗಿ ರಜನಿಕಾಂತ್ ಆದರು. ಹೋಗದೆ ಇಲ್ಲೇ ಉಳಿದ ಎಷ್ಟೋ ರಜನಿಕಾಂತರನ್ನು ನಾನು ಶಿರಾ ಗೇಟಿನಿಂದ ಹಿಡಿದು ಶಿರಾಡಿ ಘಾಟಿಯವರೆಗೆ ನೋಡಿದ್ದೇನೆ.

ಚಿಲ್ಲರೆಯ ವಿಷಯದಲ್ಲಿ ಕಂಡಕ್ಟರರ ಪ್ರತಿಭೆ ಬೇರೆಯದೇ. ಬಾಕಿಯನ್ನು ಟಿಕೆಟ್ಟಿನ ಬೆನ್ನಿಗೆ ಬರೆದು ಸುತ್ತ ಒಂದು ಸೊನ್ನೆ ಸುತ್ತಿಕೊಡುವುದು ಎಲ್ಲರಿಗೂ ಗೊತ್ತಿರುವ ಪಟ್ಟು. ಅದಕ್ಕಿಂತ ಸೊಗಸಾದದ್ದು ಇನ್ನೊಂದಿದೆ. ನಿಮಗೆ ಐದು ರೂಪಾಯಿ ಬರಬೇಕು, ಕಿಟಕಿ ಪಕ್ಕದಲ್ಲಿ ಕೂತ ಅಪರಿಚಿತರಿಗೂ ಐದು ಬರಬೇಕು. ಕಂಡಕ್ಟರ್ ಹತ್ತರ ನೋಟೊಂದನ್ನು ನಿಮ್ಮ ಕೈಗಿಟ್ಟು "ಇಬ್ರೂ ಸೇರ್ಕೊಂಡು ಹಂಚ್ಕೊಳಿ" ಎಂದು ಮುಂದೆ ಹೋಗುತ್ತಾರೆ. ಅಲ್ಲಿಂದ ಮುಂದೆ ನೀವಿಬ್ಬರೂ ಪಾಲುದಾರರು. ಇಳಿದು ನೋಟು ಮುರಿಸಲು ಕಾಫಿ ಕುಡಿಯಬೇಕು, ಕಾಫಿ ಕುಡಿದರೆ ಯಾವ ಊರು ಎಂದು ಕೇಳಬೇಕು. ಹಾಗೆ ಪರಿಚಯವಾಗಿ ಬೀಗರಾದವರೂ ಇದ್ದಾರೆಂದು ನನ್ನ ಗುಮಾನಿ. ಯುಪಿಐ ಬಂದ ಮೇಲೆ ಈ ಸಂಬಂಧ ಬೆಳೆಯುವುದು ಕಮ್ಮಿಯಾಗಿದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಶೂನ್ಯ ದರದ ಟಿಕೆಟ್. ದುಡ್ಡಿಲ್ಲದಿದ್ದರೂ ಟಿಕೆಟ್ ಹರಿಯಲೇಬೇಕು, ಗುರುತಿನ ಚೀಟಿ ನೋಡಲೇಬೇಕು. ಕಿಕ್ಕಿರಿದ ಬಸ್ಸಿನಲ್ಲಿ ಒಬ್ಬ ಅಜ್ಜಿ ಸೆರಗಿನ ಗಂಟು ಬಿಚ್ಚಿ, ಅದರೊಳಗಿನ ಪ್ಲಾಸ್ಟಿಕ್ ಕವರು ಬಿಚ್ಚಿ, ಅದರೊಳಗಿನ ಕಾಗದ ಬಿಚ್ಚಿ ಆಧಾರ್ ಕಾರ್ಡು ತೆಗೆಯುವವರೆಗೆ ಕಂಡಕ್ಟರಮ್ಮ ಒಬ್ಬರು ನಿಂತೇ ಇದ್ದರು. ಕೊನೆಗೆ ಕಾರ್ಡಿನ ಫೋಟೋ ನೋಡಿ "ಇದ್ರಲ್ಲಿ ಚಿಕ್ಕ ಹುಡ್ಗಿ ಥರ ಇದೀಯಲ್ಲಜ್ಜಿ" ಎಂದರು. ಹಿಂದಿನ ಸೀಟಿನವರೆಗೂ ನಗು ಹೋಯಿತು. ಬೈದು ಬಿಡಬಹುದಾದ ಕಡೆ ಒಂದು ಮಾತು ಹುಡುಕಿ ಆಡಿದರಲ್ಲ, ಅದಕ್ಕೆ ಯಾವ ಭತ್ಯೆಯೂ ಇಲ್ಲ.

ಬಸ್ಸುಗಳಲ್ಲಿ ನನಗೆ ಪ್ರಿಯವಾದದ್ದು ನೈಟ್ ಹಾಲ್ಟ್ ಬಸ್ಸು. ಧಾರವಾಡದ ಕಡೆಯವರು ಅದನ್ನು ವಸ್ತಿ ಬಸ್ಸು ಎನ್ನುತ್ತಾರೆ, ಎಷ್ಟು ಚೆಂದದ ಮಾತು. ರಾತ್ರಿ ಒಂಬತ್ತಕ್ಕೆ ದೀಪ ಉರಿಸಿಕೊಂಡು ಊರ ಮುಂದೆ ಬಂದು ನಿಲ್ಲುತ್ತದೆ, ಹನುಮಂತರಾಯನ ಗುಡಿಯೆದುರು. ಬಸ್ಸು ಬಂತೆಂದರೆ ಬರಬೇಕಾದವರೆಲ್ಲ ಬಂದಾಯಿತು ಎಂದು ಮನೆಮನೆಯಲ್ಲಿ ಬಾಗಿಲು ಹಾಕುತ್ತಾರೆ. ಕಂಡಕ್ಟರರ ಚೀಲದಿಂದ ಅವತ್ತಿನ ಊರಿನ ಬೇಡಿಕೆಗಳು ಒಂದೊಂದೇ ಹೊರಬರುತ್ತವೆ: ಒಬ್ಬರಿಗೆ ಸಕ್ಕರೆ ಕಾಯಿಲೆಯ ಮಾತ್ರೆ, ಒಬ್ಬರಿಗೆ ರಿಪೇರಿಯಾದ ಕನ್ನಡಕ, ಕಾಲೇಜಿನ ಹುಡುಗಿಗೆ ಅರ್ಜಿ ಫಾರಂ. ಇದು ಅವರ ಕರ್ತವ್ಯದ ಪಟ್ಟಿಯಲ್ಲಿಲ್ಲ. ಅಂದಿನ ಲೆಕ್ಕದ ವೇ ಬಿಲ್ ಸರಿಮಾಡಿ, ಯಾರೋ ತಂದುಕೊಟ್ಟ ಮುದ್ದೆ ಸಾರು ಉಂಡು, ಇಬ್ಬರೂ ಸೀಟಿನ ಮೇಲೆ ಜಮಖಾನ ಹಾಸಿ ಮಲಗುತ್ತಾರೆ. ಸೊಳ್ಳೆಗಳಿಗೆ ಟಿಕೆಟ್ ಕೇಳುವವರಿಲ್ಲ. ಬೆಳಗಿನ ಜಾವ ಐದೂವರೆಗೆ ಡ್ರೈವರ್ ಒಂದು ಉದ್ದದ ಹಾರನ್ ಹೊಡೆಯುತ್ತಾರೆ, ಇನ್ನು ಹತ್ತು ನಿಮಿಷವಿದೆ ಎಂದು. ಹಾಲಿನ ಕ್ಯಾನು, ವೀಳ್ಯದೆಲೆಯ ಪೆಂಡಿ, ತಲೆ ಒದ್ದೆಯಿರುವ ಶಾಲೆಮಕ್ಕಳು ಕತ್ತಲಿನಿಂದ ಓಡಿ ಬರುತ್ತಾರೆ. ಎರಡನೆಯ ಹಾರನ್ ಆದಮೇಲೂ ಯಾರದೋ ಮನೆಯ ಕಡೆ ನೋಡಿ "ಆ ಮೇಷ್ಟ್ರ ಮಗ ಬರ್ಲಿಲ್ಲ, ತಡಿ" ಎನ್ನುವ ಕಂಡಕ್ಟರ್. ಊರಿನ ಯಾವ ಹುಡುಗನಿಗೆ ಇವತ್ತು ಪರೀಕ್ಷೆ ಎಂಬುದು ಬೇರೆ ಊರಿನವರಾದ ಇವರಿಗೆ ಗೊತ್ತಿರುತ್ತದೆ.

ರೈಲಿಗೆ ಬರುತ್ತೇನೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಘಾಟಿ ದಾರಿ 55 ಕಿಲೋಮೀಟರ್, 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ. ಐವತ್ತು ಅಡಿ ಹೋಗುವಷ್ಟರಲ್ಲಿ ಒಂದಡಿ ಇಳಿಜಾರು, ಆದ್ದರಿಂದ ರೈಲು ಗಂಟೆಗೆ 30 ಕಿಲೋಮೀಟರ್ ವೇಗ ದಾಟದೆ ತೆವಳಿಕೊಂಡು ಇಳಿಯುತ್ತದೆ. ನಾವು ಪ್ರಯಾಣಿಕರು ಕಿಟಕಿಗೆ ಮೂಗೊತ್ತಿ ಜಲಪಾತ ಎಣಿಸುತ್ತೇವೆ. ಕಾಡಿನ ನಡುವೆ ಎಡಕುಮೇರಿ ಎಂಬ ನಿಲ್ದಾಣ ಬರುತ್ತದೆ. ಅಲ್ಲಿಗೆ ರಸ್ತೆಯಿಲ್ಲ. ಅಂಥ ಕಡೆಗಳಲ್ಲಿ ದಿನ ಬೆಳಗಾದರೆ ಕೀಮ್ಯಾನ್ ಎಂಬುವರು ಹೆಗಲಿಗೆ ಸ್ಪಾನರ್ ಸುತ್ತಿಗೆ ಏರಿಸಿ, ಕೆಂಪು ಹಸಿರು ಬಾವುಟ ಸುತ್ತಿಕೊಂಡು ತಮ್ಮ ಪಾಲಿನ ಹಳಿಯ ಮೇಲೆ ನಡೆಯಲು ಹೊರಡುತ್ತಾರೆ. ಹಳಿಯನ್ನು ಸ್ಲೀಪರಿಗೆ ಕಚ್ಚಿಸಿ ಹಿಡಿದಿರುವ ಕ್ಲಿಪ್ಪುಗಳನ್ನು ನೋಡುತ್ತ, ಅನುಮಾನ ಬಂದಲ್ಲಿ ಬಡಿಯುತ್ತ. ಬಿಗಿಯಾಗಿದ್ದರೆ ಒಂದು ಸದ್ದು, ಸಡಿಲವಾಗಿದ್ದರೆ ಇನ್ನೊಂದು. ಸಂತೆಯಲ್ಲಿ ಮಡಕೆ ಕೊಳ್ಳುವಾಗ ನಮ್ಮಜ್ಜಿ ಬೆರಳ ಗೆಣ್ಣಿನಿಂದ ತಟ್ಟಿ ನೋಡುತ್ತಿದ್ದಳಲ್ಲ, ಅದೇ ವಿದ್ಯೆ. ನಡೆದದ್ದೆಲ್ಲ ಮುಗಿದ ಮೇಲೆ ಯಾರಿಗೂ ತೋರಿಸಲು ಏನೂ ಇರುವುದಿಲ್ಲ. ರೈಲು ಬಂತು, ಹೋಯಿತು.

ಮಳೆಗಾಲದ ರಾತ್ರಿ ಇದೇ ದಾರಿಯಲ್ಲಿ ಒಮ್ಮೆ ಮಂಗಳೂರಿಗೆ ಹೋಗುತ್ತಿದ್ದೆ. ಎರಡು ಗಂಟೆಯಿರಬೇಕು. ನಿದ್ದೆ ಬಾರದೆ ಬಾಗಿಲ ಹತ್ತಿರ ನಿಂತಿದ್ದೆ. ಸುರಂಗದ ಬಾಯಿಯಲ್ಲಿ, ಗುಡ್ಡ ಕುಸಿಯುತ್ತದೆಯೇ ಎಂದು ಕಾಯುವುದಕ್ಕೇ ನೇಮಿಸಿದ ಒಬ್ಬರು, ಪ್ಲಾಸ್ಟಿಕ್ ಕೊಪ್ಪೆ ಹೊದ್ದು, ಹಸಿರು ದೀಪ ಹಿಡಿದು ನಿಂತಿದ್ದರು. ರೈಲು ನಿಧಾನ ಇದ್ದದ್ದರಿಂದ ಮುಖ ಕಂಡಿತು. ಗಡ್ಡದಿಂದ ನೀರು ಇಳಿಯುತ್ತಿತ್ತು. ಬಾಯಲ್ಲಿ ಎಲೆಅಡಿಕೆ. ನಾನು ಕೈಯೆತ್ತಿದೆ. ಅವರು ನನ್ನನ್ನಲ್ಲ, ಗಾಲಿಗಳನ್ನು ನೋಡುತ್ತಿದ್ದರು. ಒಳಗೆ ಸಾವಿರ ಜನ ಬಾಯಿ ತೆರೆದು ಮಲಗಿದ್ದರು.

ಸಣ್ಣಪುಟ್ಟ ಕೆಲಸಗಳಲ್ಲೂ ಇಂಥ ಒಪ್ಪ ಹುಡುಕಿದರೆ ಸಿಗುತ್ತದೆ. ದಿನಾ ಬೆಳಿಗ್ಗೆ ಎಂಟೂವರೆಗೆ ಮಳೆಮಾಪಕದ ನೀರನ್ನು ಗಾಜಿನ ಅಳತೆಗೆ ಸುರಿದು, ಬಗ್ಗಿ ಕಣ್ಣನ್ನು ನೀರಿನ ಮಟ್ಟಕ್ಕೇ ತಂದು ಮಿಲಿಮೀಟರ್ ಓದುವವರಿದ್ದಾರೆ. ಆಗುಂಬೆಯಲ್ಲಿ ಮಳೆ ಎಷ್ಟು ಎಂದು ನಾವು ಕಾಫಿ ಹೀರುತ್ತ ಹೇಳುವುದು ಅವರು ಬಗ್ಗಿದ್ದರ ಬಲದಿಂದ. ಚುನಾವಣೆಯ ದಿನ ಬೆರಳಿಗೆ ಶಾಯಿ ಹಚ್ಚುವವರನ್ನೇ ನೋಡಿ. ಆ ಶಾಯಿ ನಮ್ಮ ಮೈಸೂರಿನದೇ. ನಾಲ್ವಡಿಯವರು 1937ರಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ ಶುರುಮಾಡಿಸಿದ ಮೈಸೂರು ಪೇಂಟ್ಸ್, 1962ರ ಚುನಾವಣೆಯಿಂದ ಹಿಡಿದು ಇಡೀ ದೇಶಕ್ಕೆ ಅದನ್ನು ತುಂಬಿಸಿ ಕಳಿಸುತ್ತಿದೆ. ಹಚ್ಚುವವರು ಹೆಚ್ಚಾಗಿ ಮೇಷ್ಟ್ರುಗಳು. ಹಿಂದಿನ ದಿನ ಮಸ್ಟರಿಂಗ್ ಮುಗಿಸಿ, ಪೆಟ್ಟಿಗೆ ಹೊತ್ತು, ಯಾವುದೋ ಊರಿನ ಶಾಲೆಯಲ್ಲಿ ಬೆಂಚು ಜೋಡಿಸಿಕೊಂಡು ಮಲಗಿ ಎದ್ದವರು. ಕಳೆದ ಸಲ ನನ್ನ ಮುಂದಿದ್ದ ಅಜ್ಜನ ತೋರುಬೆರಳು ಮಡಚಿಕೊಂಡೇ ಸೆಟೆದಿತ್ತು, ಎಲ್ಲೋ ಏಟು ಬಿದ್ದು. ಮೇಡಂ ಒಬ್ಬರು ಆ ಬೆರಳನ್ನು ಎಳೆಯಲಿಲ್ಲ. ತಾವೇ ಕುರ್ಚಿಯಿಂದ ಎದ್ದು, ಬಗ್ಗಿ, ಕೆಳಗಿನಿಂದ ಅಂಗೈ ಆಸರೆ ಕೊಟ್ಟು, ಉಗುರಿನ ತುದಿಯಿಂದ ಮೊದಲ ಗೆಣ್ಣಿನವರೆಗೆ ಒಂದೇ ಎಳೆತದಲ್ಲಿ ಗೆರೆ ಎಳೆದರು. ರಂಗೋಲಿ ಅಭ್ಯಾಸವಿದ್ದ ಕೈ. ಅಜ್ಜ ಬೆರಳನ್ನು ಬೆಳಕಿಗೆ ಹಿಡಿದು ನೋಡಿಕೊಂಡ.

ಬೀಳ್ಕೊಡುಗೆಯ ರಾತ್ರಿ ದೊಡ್ಡಪ್ಪ ಮನೆಯ ಜಗಲಿಯ ಮೇಲೆ ಬನಿಯನ್ನಿನಲ್ಲಿ ಕೂತಿದ್ದರು. ಪೇಟ ಮೊಮ್ಮಗನ ತಲೆ ಮೇಲೆ ಹೋಗಿತ್ತು. ಬುಟ್ಟಿಯ ಬಣ್ಣದ ಕಾಗದ ಇನ್ನೂ ಬಿಚ್ಚಿರಲಿಲ್ಲ. ಬಾಂದು ಕಲ್ಲಿನ ವಿಷಯ, ನೀರಿನ ದಾರಿಯ ವಿಷಯ ನಾನು ಎತ್ತಿದೆ. ಭಾಷಣ ಕೇಳುವಾಗ ಇಲ್ಲದ ಹುರುಪು ಬಂತು ನೋಡಿ, ಬೆರಳಲ್ಲೇ ನೆಲದ ಮೇಲೆ ಗೆರೆ ಎಳೆದು ತೋರಿಸತೊಡಗಿದರು. ಅರ್ಧ ಗಂಟೆ ಕಳೆಯಿತು. ಕೊನೆಗೆ ತಮಾಷೆಗೆ ಕೇಳಿದೆ, "ಊರೋರ ಹೊಲ ಎಲ್ಲ ಅಳೆದ್ರಿ ದೊಡ್ಡಪ್ಪ, ನಿಮ್ಮ ಸೈಟು ಯಾವತ್ತಾದ್ರೂ ಅಳೆದಿದೀರಾ?"

"ಇಲ್ಲ ಕಣೋ. ನಾನು ಸರಪಳಿ ಬಿಡಿಸಿದ್ರೆ ಪಕ್ಕದ ಮನೆಯೋನಿಗೆ ರಾತ್ರಿ ನಿದ್ದೆ ಬರುತ್ತಾ?"

ಸ್ವಲ್ಪ ಹೊತ್ತು ಸುಮ್ಮನಿದ್ದು ಕತ್ತಲಲ್ಲಿ ಕಾಂಪೌಂಡ್ ಗೋಡೆಯ ಕಡೆ ನೋಡಿದರು. "ಅರ್ಧ ಆಣೆ ಈಚೆ ಬಂದಿದೆ."

"ಯಾವಾಗಿಂದ ಗೊತ್ತು ನಿಮಗೆ?"

"ಪಾಯಕ್ಕೆ ದಾರ ಕಟ್ಟಿದ್ರಲ್ಲ, ಅವತ್ತೇ. ನಿಮ್ಮ ದೊಡ್ಡಮ್ಮಂಗೆ ಹೇಳ್ಬೇಡ."

ಹಣ್ಣಿನ ಬುಟ್ಟಿಯ ಕಾಗದ ಬಿಚ್ಚಿದರು. ಎರಡು ಸೇಬು ಎತ್ತಿಕೊಂಡು ಹೋಗಿ, ಆ ಗೋಡೆಯ ಮೇಲಿಟ್ಟು, ಪಕ್ಕದ ಮನೆಯ ಹುಡುಗಿಯನ್ನು ಹೆಸರು ಹಿಡಿದು ಕೂಗಿದರು.